ಎರಡು ಪಾಸ್‌ಪೋರ್ಟ್ ಇರುವ ಮಗಳೊಂದಿಗೆ ಒಬ್ಬಳೇ ಊರಿಗೆ ಹೊರಟಿದ್ದೇನೆ: ಯಾವ ಕಾಗದ ಎಲ್ಲಿ ತೋರಿಸಬೇಕು?

ಸಾಗರದ ಮಗಳು (ಮಿಸ್ಸಿಸಾಗಾ)

ಎಲ್ಲರಿಗೂ ನಮಸ್ಕಾರ. ನಾವು ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿದ್ದೇವೆ. ನಾನು ಭಾರತದ ಪ್ರಜೆ, ಇಲ್ಲಿ ಪಿಆರ್ (ಕಾಯಂ ವಾಸದ ಹಕ್ಕು) ಪಡೆದಿದ್ದೇನೆ. ನಮ್ಮ ಮನೆಯವರು ಅಮೆರಿಕದ ಪ್ರಜೆ. ಏಳು ವರ್ಷದ ಮಗಳು ಇಲ್ಲಿಯೇ ಹುಟ್ಟಿದ್ದರಿಂದ ಕೆನಡಾದ ಪ್ರಜೆ, ತಂದೆಯ ಕಡೆಯಿಂದ ಅಮೆರಿಕದ ಪ್ರಜೆಯೂ ಹೌದು. ಹೀಗಾಗಿ ಅವಳ ಹೆಸರಿನಲ್ಲಿ ಎರಡು ದೇಶಗಳ ಪಾಸ್‌ಪೋರ್ಟ್‌ಗಳಿವೆ. ಅವಳು ಕೈಗೂಸಾಗಿದ್ದಾಗ ಕೆನಡಾದ ಪಾಸ್‌ಪೋರ್ಟಿನ ಆಧಾರದ ಮೇಲೆ ಒಸಿಐ ಕಾರ್ಡ್ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಮಾಡಿಸಿದ್ದೆವು. ಆ ಪಾಸ್‌ಪೋರ್ಟಿನ ಅವಧಿ ಮುಗಿದು ಕಳೆದ ವರ್ಷ ಹೊಸದು ಬಂದಿದೆ, ಆದರೆ ಒಸಿಐ ಕಾರ್ಡಿನ ಮೇಲೆ ಇನ್ನೂ ಹಳೆಯ ಸಂಖ್ಯೆಯೇ ಇದೆ.

ಜುಲೈ ಮೊದಲ ವಾರ ನಾವಿಬ್ಬರೂ ಟೊರಾಂಟೊದಿಂದ ಫ್ರಾಂಕ್‌ಫರ್ಟ್ ಮಾರ್ಗವಾಗಿ ಬೆಂಗಳೂರಿಗೆ ಬಂದು, ಅಲ್ಲಿಂದ ತಾಳಗುಪ್ಪದ ರೈಲಿನಲ್ಲಿ ಸಾಗರಕ್ಕೆ ಹೋಗುವವರಿದ್ದೇವೆ. ಮನೆಯವರಿಗೆ ರಜೆ ಸಿಕ್ಕಿಲ್ಲ. ಆಗಸ್ಟ್ ಕೊನೆಯಲ್ಲಿ ಹಿಂದಿರುಗುವಾಗ ಬೆಂಗಳೂರಿನಿಂದ ಷಿಕಾಗೋಗೆ ಹೋಗಿ, ಅಲ್ಲಿರುವ ನಮ್ಮ ಭಾವನವರ ಮನೆಯಲ್ಲಿ ಒಂದು ವಾರ ಇದ್ದು, ನಂತರ ಟೊರಾಂಟೊಗೆ ಬರುತ್ತೇವೆ. ನನ್ನ ಬಳಿ ಅಮೆರಿಕದ ಸಂದರ್ಶಕ ವೀಸಾ ಇದೆ.

ನನ್ನ ಗೊಂದಲ ಇಷ್ಟು. ಯಾವ ಕಿಟಕಿಯಲ್ಲಿ ಮಗಳ ಯಾವ ಪಾಸ್‌ಪೋರ್ಟ್ ಕೊಡಬೇಕು? ಒಸಿಐ ಕಾರ್ಡನ್ನು ಹೊರಡುವ ಮೊದಲು ಹೊಸದಾಗಿ ಮಾಡಿಸಲೇಬೇಕೆ? ತಂದೆ ಜೊತೆಯಲ್ಲಿಲ್ಲದ ಕಾರಣ ಅವರ ಒಪ್ಪಿಗೆ ಪತ್ರ ಬೇಕು ಎಂದು ಒಬ್ಬರು, ಏನೂ ಬೇಡ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಇದರ ಮೇಲೆ ನಮ್ಮ ಹೆಸರಿನ ತೊಡಕು ಬೇರೆ ಇದೆ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿರುವುದು ನನ್ನ ತಂದೆಯ ಹೆಸರು, ಮದುವೆಯಾದ ಮೇಲೂ ಅದನ್ನು ಬದಲಾಯಿಸಲಿಲ್ಲ. ಮಗಳ ಸರ್‌ನೇಮ್ ಅವಳ ತಂದೆಯ ಊರಿನ ಹೆಸರು. ನಮ್ಮ ಕಡೆಯವರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಆದರೆ ಹೊರಗಿನ ಅಧಿಕಾರಿಯೊಬ್ಬರು ಕಾಗದದ ಮೇಲೆ ನೋಡಿದರೆ ಈ ಇಬ್ಬರಿಗೂ ಸಂಬಂಧವೇ ಇಲ್ಲ ಎಂಬಂತೆ ತೋರುತ್ತದೆ.

ಟೊರಾಂಟೊ ಮಾವ

ತಂಗಿ, ಇಷ್ಟು ಚಿಂತಿಸಬೇಕಾಗಿಲ್ಲ. ನನ್ನ ಪತ್ನಿ ನಮ್ಮ ಮಗನನ್ನು ಕರೆದುಕೊಂಡು ಮೂರು ಬಾರಿ ಊರಿಗೆ ಹೋಗಿ ಬಂದಿದ್ದಾಳೆ. ಒಂದು ಸಲವೂ ಯಾರೂ ಒಪ್ಪಿಗೆ ಪತ್ರ ಕೇಳಲಿಲ್ಲ. ಕೆನಡಾದ ಕಾನೂನಿನಲ್ಲಿ ಅದು ಕಡ್ಡಾಯವೂ ಅಲ್ಲ. ನೋಟರಿಗೆ ಹಣ ಕೊಡುವ ಬದಲು ಅದೇ ಹಣದಲ್ಲಿ ಮಗುವಿಗೆ ಒಂದು ಒಳ್ಳೆಯ ರೇನ್‌ಕೋಟ್ ತೆಗೆದುಕೊಳ್ಳಿ. ಜುಲೈ ತಿಂಗಳಲ್ಲಿ ಸಾಗರಕ್ಕೆ ಹೋಗುವವರಿಗೆ ಅದು ಹೆಚ್ಚು ಅಗತ್ಯ.

ಇಬ್ಬರು ಮಕ್ಕಳ ತಂದೆ (ನ್ಯೂಜೆರ್ಸಿ)

ಮೇಲಿನವರು ಹೇಳಿದ್ದರಲ್ಲಿ ಅರ್ಧ ನಿಜ. ಒಪ್ಪಿಗೆ ಪತ್ರ ಕಾನೂನಿನ ಪ್ರಕಾರ ಕಡ್ಡಾಯವಲ್ಲ, ಆದರೆ ಅದನ್ನು ಜೊತೆಯಲ್ಲಿಟ್ಟುಕೊಳ್ಳಿ ಎಂದು ಕೆನಡಾ ಸರ್ಕಾರವೂ ಅಮೆರಿಕದ ಗಡಿ ಇಲಾಖೆಯೂ ಒತ್ತಿ ಹೇಳುತ್ತವೆ. ಮೂರು ಸಲ ಕೇಳದಿದ್ದವರು ನಾಲ್ಕನೆಯ ಸಲ ಕೇಳಬಾರದೆಂದೇನೂ ಇಲ್ಲ. ಪತ್ರದ ವಿಷಯಕ್ಕೆ ಆಮೇಲೆ ಬರುತ್ತೇನೆ, ಮೊದಲು ಪಾಸ್‌ಪೋರ್ಟ್ ನೋಡೋಣ. ನನ್ನ ಪತ್ನಿ ಬ್ರಿಟಿಷ್ ಪ್ರಜೆಯಾದ್ದರಿಂದ ನಮ್ಮ ಮಕ್ಕಳಿಗೂ ಎರಡೆರಡು ಪಾಸ್‌ಪೋರ್ಟ್‌ಗಳಿವೆ, ಆದ್ದರಿಂದ ಈ ಪರದಾಟ ನನಗೆ ಚೆನ್ನಾಗಿ ಗೊತ್ತು.

ನಾನು ಪಾಲಿಸುವ ಸೂತ್ರ ಒಂದೇ: ಯಾವ ದೇಶದ ಬಾಗಿಲಲ್ಲಿ ನಿಂತಿದ್ದೇವೋ ಆ ದೇಶ ಮಗುವನ್ನು ಯಾವ ಪಾಸ್‌ಪೋರ್ಟಿನಿಂದ ಗುರುತಿಸುತ್ತದೆಯೋ ಅದನ್ನೇ ಕೊಡುವುದು. ಭಾರತಕ್ಕೆ ನಿಮ್ಮ ಮಗಳು ಒಸಿಐ ಕಾರ್ಡ್ ಹೊಂದಿದ ಕೆನಡಾ ಪ್ರಜೆ. ಅವಳ ಒಸಿಐ ದಾಖಲೆ ಕೆನಡಾದ ಪಾಸ್‌ಪೋರ್ಟಿನೊಂದಿಗೆ ಜೋಡಣೆಯಾಗಿರುವುದರಿಂದ ಬೆಂಗಳೂರಿನಲ್ಲಿ ಒಳಬರುವಾಗಲೂ ಹೊರಹೋಗುವಾಗಲೂ ಇಮಿಗ್ರೇಷನ್ ಕೌಂಟರಿನಲ್ಲಿ ಅದೇ ಪಾಸ್‌ಪೋರ್ಟ್ ಮತ್ತು ಒಸಿಐ ಕಾರ್ಡ್ ಕೊಡಿ. ಅಲ್ಲಿ ಅಮೆರಿಕದ ಪಾಸ್‌ಪೋರ್ಟ್ ಹೊರಗೆ ತೆಗೆಯುವ ಅಗತ್ಯವೇ ಇಲ್ಲ. ಅಮೆರಿಕಕ್ಕಾದರೋ ಅವಳು ಅಮೆರಿಕದ ಪ್ರಜೆ. ಅಲ್ಲಿನ ವಲಸೆ ಮತ್ತು ರಾಷ್ಟ್ರೀಯತೆಯ ಕಾಯ್ದೆಯ ಪ್ರಕಾರ ಅಮೆರಿಕದ ಪ್ರಜೆಗಳು, ಅವರು ಮಕ್ಕಳೇ ಆಗಿರಲಿ, ದೇಶದೊಳಗೆ ಬರುವಾಗಲೂ ಹೊರಗೆ ಹೋಗುವಾಗಲೂ ಅಮೆರಿಕದ ಪಾಸ್‌ಪೋರ್ಟನ್ನೇ ಬಳಸಬೇಕು. ಆದ್ದರಿಂದ ಷಿಕಾಗೋದಲ್ಲಿ ಇಳಿದಾಗ ಕೊಡಬೇಕಾದದ್ದು ಅದು. ಕೊನೆಗೆ ಟೊರಾಂಟೊದಲ್ಲಿ ಮತ್ತೆ ಕೆನಡಾದ ಪಾಸ್‌ಪೋರ್ಟ್.

ಜನ ಎಡವುವ ಜಾಗ ಬೆಂಗಳೂರಿನ ವಿಮಾನ ನಿಲ್ದಾಣ, ಏಕೆಂದರೆ ಅಲ್ಲಿ ಒಂದೇ ರಾತ್ರಿ, ಐವತ್ತು ಹೆಜ್ಜೆಗಳ ಅಂತರದಲ್ಲಿ, ಎರಡು ಕಿಟಕಿಗಳಲ್ಲಿ ಎರಡು ಬೇರೆ ಬೇರೆ ಪಾಸ್‌ಪೋರ್ಟ್ ತೋರಿಸಬೇಕಾಗುತ್ತದೆ. ಚೆಕ್-ಇನ್ ಕೌಂಟರಿನಲ್ಲಿ ವಿಮಾನ ಸಂಸ್ಥೆಯವರು ನೋಡುವುದು ಮುಂದಿನ ದೇಶಕ್ಕೆ ಈ ಪ್ರಯಾಣಿಕರಿಗೆ ಪ್ರವೇಶವಿದೆಯೇ ಎಂಬುದನ್ನು. ಆದ್ದರಿಂದ ಅಲ್ಲಿ ಅಮೆರಿಕದ ಪಾಸ್‌ಪೋರ್ಟ್ ಕೊಡಬೇಕು. ಅದರ ನಂತರದ ಇಮಿಗ್ರೇಷನ್ ಸಾಲಿನಲ್ಲಿ ನೋಡುವುದು ಈ ಮಗು ಭಾರತಕ್ಕೆ ಯಾವ ದಾಖಲೆಯ ಮೇಲೆ ಬಂದಿತ್ತು ಎಂಬುದನ್ನು, ಅಲ್ಲಿ ಕೆನಡಾದ ಪಾಸ್‌ಪೋರ್ಟ್ ಮತ್ತು ಒಸಿಐ. ಯಾರಾದರೂ ಎರಡನೆಯ ಪಾಸ್‌ಪೋರ್ಟ್ ಇದೆಯೇ ಎಂದು ಕೇಳಿದರೆ ಇದೆ ಎಂದು ನೇರವಾಗಿ ಹೇಳಿ. ಭಾರತ ತನ್ನ ಪ್ರಜೆಗಳಿಗೆ ಎರಡನೆಯ ಪೌರತ್ವವನ್ನು ಒಪ್ಪುವುದಿಲ್ಲ. ನಿಮ್ಮ ಮಗಳು ಭಾರತದ ಪ್ರಜೆಯಲ್ಲ, ಆದ್ದರಿಂದ ಅವಳು ಕೆನಡಾ ಮತ್ತು ಅಮೆರಿಕ ಎರಡರ ಪ್ರಜೆಯಾಗಿರುವುದಕ್ಕೆ ಅಡ್ಡಿಯಿಲ್ಲ. ಒಸಿಐ ಕಾರ್ಡಿನ ಹೆಸರಿನಲ್ಲಿ ಸಿಟಿಜನ್ ಎಂಬ ಪದವಿದ್ದರೂ ಅದು ಪೌರತ್ವವಲ್ಲ, ಜೀವಾವಧಿ ವೀಸಾ ಎಂದುಕೊಂಡರೆ ಸಾಕು.

ಎರಡೂ ಪಾಸ್‌ಪೋರ್ಟ್‌ಗಳ ಬದಲು ಅಮೆರಿಕದ ಒಂದನ್ನೇ ಹಿಡಿದು ಹೋದರೆ ಹೇಗೆ ಎಂದು ಕೆಲವರು ಕೇಳುತ್ತಾರೆ. 2016ರ ನವೆಂಬರ್‌ನಿಂದ ಎರಡು ಪೌರತ್ವವಿರುವ ಕೆನಡಾ ಪ್ರಜೆಗಳು ವಿಮಾನದಲ್ಲಿ ಕೆನಡಾಕ್ಕೆ ಬರಬೇಕಾದರೆ ಕೆನಡಾದ ಪಾಸ್‌ಪೋರ್ಟ್ ಬೇಕೇ ಬೇಕು ಎಂಬ ನಿಯಮ ಜಾರಿಯಲ್ಲಿದೆ. ಅಮೆರಿಕದ ಪಾಸ್‌ಪೋರ್ಟ್ ಇರುವವರಿಗೆ ಮಾತ್ರ ಅದರಲ್ಲಿ ವಿನಾಯಿತಿ ಇದೆ. ಅಂದರೆ ಅಕಸ್ಮಾತ್ ಊರಿನಲ್ಲಿ ಕೆನಡಾದ ಪಾಸ್‌ಪೋರ್ಟ್ ಕಳೆದುಹೋದರೆ ಅಮೆರಿಕದ್ದು ನಿಮ್ಮ ಕೈ ಹಿಡಿಯುತ್ತದೆ, ಅದಕ್ಕೇ ಎರಡನ್ನೂ ಒಂದೇ ಚೀಲದಲ್ಲಿ ಇಡಬೇಡಿ. ಆದರೆ ಒಸಿಐ ದಾಖಲೆ ಕೆನಡಾದ್ದರ ಮೇಲಿರುವವರೆಗೂ ಭಾರತ ಪ್ರವಾಸಕ್ಕೆ ಅದನ್ನು ಬಿಟ್ಟು ಹೊರಡುವಂತಿಲ್ಲ. (ನಮಗೆ ಬ್ರಿಟನ್ನಿನ ಕಡೆಯಿಂದ ಈ ಸವಲತ್ತು ಇಲ್ಲ. 2026ರ ಫೆಬ್ರುವರಿ 25ರಿಂದ ಎರಡು ಪೌರತ್ವದ ಬ್ರಿಟಿಷ್ ಮಕ್ಕಳೂ ಬ್ರಿಟಿಷ್ ಪಾಸ್‌ಪೋರ್ಟನ್ನೋ ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕಿನ ಪ್ರಮಾಣಪತ್ರವನ್ನೋ ತೋರಿಸಿಯೇ ಅಲ್ಲಿಗೆ ವಿಮಾನ ಹತ್ತಬೇಕು.)

ಒಸಿಐ ಕಾರ್ಡನ್ನು ಹೊಸದಾಗಿ ಮಾಡಿಸುವ ಅಗತ್ಯವಿಲ್ಲ. 2021ರಲ್ಲಿ ನಿಯಮ ಸಡಿಲವಾಯಿತು. ಇಪ್ಪತ್ತು ವರ್ಷದೊಳಗೆ ಪ್ರತಿ ಸಲ ಪಾಸ್‌ಪೋರ್ಟ್ ಬದಲಾದಾಗ ಹೊಸ ಪಾಸ್‌ಪೋರ್ಟಿನ ಪ್ರತಿಯನ್ನೂ ಮಗುವಿನ ಇತ್ತೀಚಿನ ಫೋಟೊವನ್ನೂ ಒಸಿಐ ಜಾಲತಾಣಕ್ಕೆ ಸೇರಿಸಿದರೆ ಸಾಕು, ಇದಕ್ಕೆ ಶುಲ್ಕವಿಲ್ಲ. ಕಾರ್ಡನ್ನೇ ಬದಲಿಸಬೇಕಾದದ್ದು ಇಪ್ಪತ್ತು ತುಂಬಿದ ಮೇಲೆ ಪಡೆಯುವ ಪಾಸ್‌ಪೋರ್ಟಿಗೆ, ಅದೂ ಒಂದೇ ಬಾರಿ. ಹೊಸ ಪಾಸ್‌ಪೋರ್ಟ್ ಬಂದ ಮೂರು ತಿಂಗಳೊಳಗೆ ಈ ಕೆಲಸ ಮಾಡಬೇಕೆಂಬ ನಿಯಮವಿದೆ, ನೀವು ತಡಮಾಡಿದ್ದೀರಿ. ಈಗಲಾದರೂ ಕೂಡಲೇ ಮಾಡಿ, ಸ್ವೀಕೃತಿ ಬಂದ ಮೇಲೆ ಅದನ್ನು ಮುದ್ರಿಸಿಕೊಳ್ಳಿ. ಜೊತೆಗೆ ಹಳೆಯ, ಅವಧಿ ಮುಗಿದ ಪಾಸ್‌ಪೋರ್ಟನ್ನೂ ಕೈಚೀಲದಲ್ಲಿ ಇಟ್ಟುಕೊಳ್ಳಿ. ಅದು ಕಡ್ಡಾಯವಲ್ಲ ಎಂದು ಅದೇ ವರ್ಷ ಸರ್ಕಾರ ಹೇಳಿದೆ, ಆದರೆ ಸರ್ಕಾರ ಹೇಳಿದ್ದು ಕೌಂಟರಿನಲ್ಲಿ ಕುಳಿತವರೆಲ್ಲರಿಗೂ ತಲುಪಿರುತ್ತದೆ ಎಂದು ನಂಬುವ ವಯಸ್ಸು ನನ್ನದಲ್ಲ. ಎರಡು ವರ್ಷಗಳ ಹಿಂದೆ ಬೆಂಗಳೂರಿಗೆ ಹೊರಟಾಗ ಚೆಕ್-ಇನ್ ಕೌಂಟರಿನ ಹುಡುಗಿ ನಮ್ಮ ಮಗನ ಒಸಿಐ ಕಾರ್ಡಿನ ಸಂಖ್ಯೆಯನ್ನೂ ಪಾಸ್‌ಪೋರ್ಟಿನ ಸಂಖ್ಯೆಯನ್ನೂ ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಹೋಲಿಸಿ, ಇವು ತಾಳೆಯಾಗುವುದಿಲ್ಲ ಎಂದು ಮೇಲ್ವಿಚಾರಕರನ್ನು ಕರೆದಳು. ಹಳೆಯ ಪಾಸ್‌ಪೋರ್ಟ್ ಇದ್ದದ್ದು ಆಗಷ್ಟೇ ಬೆಲ್ಟಿನ ಮೇಲೆ ಹೋಗಿದ್ದ ಸೂಟ್‌ಕೇಸಿನಲ್ಲಿ. ಅದನ್ನು ವಾಪಸು ತರಿಸಿ, ಎಲ್ಲರೆದುರು ನೆಲದ ಮೇಲೆ ಬಿಚ್ಚಿ, ನೆಂಟರಿಷ್ಟರಿಗೆಂದು ತುಂಬಿದ್ದ ಚಾಕೊಲೇಟ್ ಪೊಟ್ಟಣಗಳನ್ನು ಪಕ್ಕಕ್ಕೆ ಸರಿಸಿ, ತಳದಿಂದ ಆ ಮೂಲೆ ಕತ್ತರಿಸಿದ ಪಾಸ್‌ಪೋರ್ಟನ್ನು ಹೊರತೆಗೆಯುವಷ್ಟರಲ್ಲಿ ನನ್ನ ಪತ್ನಿ ನನ್ನೊಂದಿಗೆ ಮಾತು ಬಿಟ್ಟಿದ್ದಳು.

ಫ್ರಾಂಕ್‌ಫರ್ಟ್‌ನಲ್ಲಿ ಮಗಳಿಗೆ ತೊಂದರೆಯಿಲ್ಲ. ಇಂಥ ಪ್ರಯಾಣಗಳಲ್ಲಿ ಸಿಕ್ಕಿಬೀಳುವುದು ಭಾರತದ ಪಾಸ್‌ಪೋರ್ಟ್ ಇರುವ ತಾಯಿಯೇ. ಅವಧಿ ಇರುವ ಕೆನಡಾದ ಪಿಆರ್ ಕಾರ್ಡ್ ನಿಮ್ಮಲ್ಲಿದ್ದರೆ ಅಲ್ಲಿ ವಿಮಾನ ಬದಲಿಸಲು ಪ್ರತ್ಯೇಕ ಟ್ರಾನ್ಸಿಟ್ ವೀಸಾ ಬೇಕಾಗುವುದಿಲ್ಲ.

ಧಾರವಾಡದ ಅಜ್ಜಿ

ಒಪ್ಪಿಗೆ ಪತ್ರದ ಬಗ್ಗೆ ನನ್ನ ಅನುಭವವನ್ನಷ್ಟೇ ಬರೆಯುತ್ತೇನೆ. ನಮ್ಮ ಮಗಳು ಮತ್ತು ಅಳಿಯ ಟೊರಾಂಟೊ ಹತ್ತಿರ ಇದ್ದಾರೆ. ಹಿಂದಿನ ವರ್ಷ ಮೊಮ್ಮಗನನ್ನು ಬೇಸಿಗೆ ರಜೆಗೆ ಕರೆತಂದು, ರಜೆ ಮುಗಿದ ಮೇಲೆ ನಾನು ಮತ್ತು ನಮ್ಮ ಯಜಮಾನರು ಅವನನ್ನು ವಾಪಸು ಬಿಡಲು ಹೋದೆವು. ಟೊರಾಂಟೊದಲ್ಲಿ ಇಳಿದಾಗ ಅಧಿಕಾರಿ ನಮ್ಮ ಕಾಗದಗಳನ್ನು ನೋಡಿದ ಮೇಲೆ ನಮ್ಮನ್ನು ಏನೂ ಕೇಳದೆ, ಕುರ್ಚಿಯಿಂದ ಸ್ವಲ್ಪ ಮುಂದಕ್ಕೆ ಬಾಗಿ, ಹುಡುಗನನ್ನೇ ಇಂಗ್ಲಿಷಿನಲ್ಲಿ ಕೇಳಿದರು: ಇವರು ಯಾರು? ಆರು ವರ್ಷದ ಹುಡುಗ, ಇಪ್ಪತ್ತೆರಡು ಗಂಟೆಗಳ ಪ್ರಯಾಣದ ಆಯಾಸ. ಅವನು ನಮ್ಮ ಯಜಮಾನರ ಕಡೆ ಕೈ ತೋರಿಸಿ "ಮುತ್ಯಾ" ಎಂದ. ಅದು ಅವರ ಹೆಸರೇ ಎಂದು ಅಧಿಕಾರಿ ಕಾಗದದಲ್ಲಿ ಹುಡುಕಿದರು, ಸಿಗಲಿಲ್ಲ. ನಿನ್ನ ಅಪ್ಪ ಅಮ್ಮ ಎಲ್ಲಿ ಎಂದು ಕೇಳಿದಾಗ ಹುಡುಗ ಗೊತ್ತಿಲ್ಲ ಎಂದುಬಿಟ್ಟ! ಅವರು ಹೊರಗೆ ಕಾಯುತ್ತಿದ್ದರು ಎಂಬುದು ಅವನಿಗೆ ಹೇಗೆ ತಿಳಿಯಬೇಕು?

ಆಗ ಕೈಹಿಡಿದದ್ದು ಅಳಿಯಂದಿರು ಕೊಟ್ಟು ಕಳುಹಿಸಿದ್ದ ಪತ್ರ. ಇಬ್ಬರ ಸಹಿ, ನೋಟರಿಯ ಮುದ್ರೆ, ನಮ್ಮ ಇಬ್ಬರ ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆ, ಮಗುವಿಗೆ ನಾವು ಏನಾಗಬೇಕು ಎಂಬ ವಿವರ, ಹೊರಡುವ ಮತ್ತು ಮರಳುವ ದಿನಾಂಕ, ಧಾರವಾಡದ ಮನೆಯ ವಿಳಾಸ, ಅವರ ಫೋನ್ ಸಂಖ್ಯೆ, ಎಲ್ಲವೂ ಅದರಲ್ಲಿತ್ತು. ಅಧಿಕಾರಿ ಆ ಸಂಖ್ಯೆಗೆ ಕರೆ ಮಾಡಿ ಎರಡು ಮಾತು ಆಡಿ ನಮ್ಮನ್ನು ಬಿಟ್ಟರು. ಒಟ್ಟು ಹತ್ತು ನಿಮಿಷ. ಪತ್ರ ಇರದಿದ್ದರೆ ಎಷ್ಟು ಹೊತ್ತಾಗುತ್ತಿತ್ತೋ ನಾನು ಊಹಿಸಲಾರೆ. ನೀವು ತಾಯಿ, ನಿಮಗೆ ಅಷ್ಟು ಪ್ರಶ್ನೆ ಬರಲಾರದು. ಆದರೆ ಸರ್‌ನೇಮ್ ಬೇರೆ ಎಂದಿರಿ, ಆದ್ದರಿಂದ ತಂದೆ ತಾಯಿ ಇಬ್ಬರ ಹೆಸರೂ ಇರುವ ಜನನ ಪ್ರಮಾಣಪತ್ರವನ್ನು ಮರೆಯಬೇಡಿ. ಮಗುವಿನ ಹೆಸರು ಮಾತ್ರ ಇರುವ ಚಿಕ್ಕ ಕಾರ್ಡು ಈ ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು ಮಾತು. ಮಗುವನ್ನು ನಮ್ಮಂಥ ಹಿರಿಯರ ಬಳಿ ಬಿಟ್ಟು ನೀವು ಬೇರೆ ಊರಿಗೆ ಹೋಗುವುದಿದ್ದರೆ, ಜ್ವರ ಬಂದರೆ ಚಿಕಿತ್ಸೆ ಕೊಡಿಸಲು ಅವರಿಗೆ ಅನುಮತಿ ಇದೆ ಎಂಬ ಒಂದು ಸಾಲನ್ನೂ ಪತ್ರದಲ್ಲಿ ಸೇರಿಸಿಬಿಡಿ.

ಸಾಗರದ ಮಗಳು (ಮಿಸ್ಸಿಸಾಗಾ)

ಅಜ್ಜಿ, ತುಂಬ ಉಪಕಾರವಾಯಿತು. ನಮ್ಮ ಮಗಳನ್ನು ಕೇಳಿದರೆ ಅವಳೂ "ಅಮ್ಮ" ಎಂದೇ ಹೇಳುವಳು, ಅದೃಷ್ಟಕ್ಕೆ ಆ ಪದ ಎಲ್ಲರಿಗೂ ಅರ್ಥವಾಗುತ್ತದೆ.

ನ್ಯೂಜೆರ್ಸಿಯವರಿಗೂ ವಂದನೆಗಳು, ಒಸಿಐ ಜಾಲತಾಣದಲ್ಲಿ ನಿನ್ನೆ ರಾತ್ರಿಯೇ ಹೊಸ ಪಾಸ್‌ಪೋರ್ಟಿನ ಪ್ರತಿ ಸೇರಿಸಿದೆ. ಪತ್ರದ ವಿಷಯದಲ್ಲಿ ಇನ್ನೊಂದು ಸಂದೇಹ ಉಳಿದಿದೆ. ನಮ್ಮ ಅಮ್ಮ ಈಗಲೇ, ಬಂದವರು ಚೌತಿ ಹಬ್ಬ ಮುಗಿಸಿಕೊಂಡು ಹೋಗಿ ಎನ್ನುತ್ತಿದ್ದಾರೆ. ಹಾಗೆ ಉಳಿಯಬೇಕಾದರೆ ಟಿಕೆಟ್ ಮುಂದೂಡಬೇಕು. ಆದ್ದರಿಂದ ಪತ್ರದಲ್ಲಿ ಮರಳುವ ದಿನಾಂಕವನ್ನೇ ಬರೆಯದೆ ಖಾಲಿ ಬಿಟ್ಟರೆ ಅನುಕೂಲವಲ್ಲವೇ? ಭಾರತದಲ್ಲಿ ನಡೆಯಬೇಕಾದರೆ ಪತ್ರಕ್ಕೆ ಅಪೊಸ್ಟಿಲ್ (ಒಂದು ದೇಶದ ಕಾಗದವನ್ನು ಇನ್ನೊಂದು ದೇಶ ಒಪ್ಪಲೆಂದು ಸರ್ಕಾರ ಕೊಡುವ ದೃಢೀಕರಣ) ಮಾಡಿಸಬೇಕು ಎಂದು ಗೆಳತಿಯೊಬ್ಬರು ಹೇಳಿದರು, ಅದು ನಿಜವೇ?

ಬೆಂಗಳೂರಿನ ವಕೀಲೆ

ಅಪೊಸ್ಟಿಲ್ ಬೇಡ. 2024ರ ಜನವರಿ 11ರಿಂದ ಕೆನಡಾ ಆ ವ್ಯವಸ್ಥೆಗೆ ಸೇರಿದ ಮೇಲೆ ಎಲ್ಲ ಕಾಗದಕ್ಕೂ ಅದನ್ನು ಮಾಡಿಸುವ ಉತ್ಸಾಹ ಹೆಚ್ಚಾಗಿದೆ. ಆಸ್ತಿಯ ಮುಖ್ತ್ಯಾರ್ ಪತ್ರವನ್ನು ಇಲ್ಲಿ ನೋಂದಾಯಿಸುವುದಿದ್ದರೆ ಅದು ಉಪಯೋಗಕ್ಕೆ ಬರುತ್ತದೆ, ಗಡಿಯಲ್ಲಿ ತೋರಿಸುವ ಒಪ್ಪಿಗೆ ಪತ್ರಕ್ಕೆ ನೋಟರಿಯ ಮುಂದೆ ಮಾಡಿದ ಸಹಿ ಸಾಕು. ಆದರೆ ದಿನಾಂಕವನ್ನು ಖಾಲಿ ಬಿಡುವ ವಿಚಾರವನ್ನು ದಯವಿಟ್ಟು ಕೈಬಿಡಿ.

ಕಾರಣ ಹೇಳುತ್ತೇನೆ. ಹದಿನಾರು ವರ್ಷದೊಳಗಿನ ಮಗುವನ್ನು ಒಬ್ಬ ಪೋಷಕರು ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಬೇರೆ ದೇಶಕ್ಕೆ ಒಯ್ದರೆ, ಅಥವಾ ಒಪ್ಪಿದ ಅವಧಿ ಮೀರಿ ಅಲ್ಲಿಯೇ ಇರಿಸಿಕೊಂಡರೆ, ಮಗುವನ್ನು ಅದರ ವಾಸದ ದೇಶಕ್ಕೆ ಮರಳಿಸಲು 1980ರ ಹೇಗ್ ಒಡಂಬಡಿಕೆ ಇದೆ. ಕೆನಡಾ ಮತ್ತು ಅಮೆರಿಕ ಎರಡೂ ಅದಕ್ಕೆ ಸೇರಿವೆ, ಭಾರತ ಸೇರಿಲ್ಲ. 2016ರಲ್ಲಿ ಕಾನೂನು ಆಯೋಗ ತನ್ನ 263ನೆಯ ವರದಿಯಲ್ಲಿ ಈ ಕುರಿತ ಮಸೂದೆಯನ್ನು ಪರಿಶೀಲಿಸಿ ಶಿಫಾರಸು ಕೊಟ್ಟಿತು, ಆದರೆ ಮಸೂದೆ ಕಾಯ್ದೆಯಾಗಲಿಲ್ಲ. ಮಾರನೆಯ ವರ್ಷ ಸುಪ್ರೀಂ ಕೋರ್ಟ್, ವಿದೇಶದ ನ್ಯಾಯಾಲಯದ ಆದೇಶ ಇಲ್ಲಿನ ನ್ಯಾಯಾಲಯಕ್ಕೆ ಪರಿಗಣಿಸಬೇಕಾದ ಒಂದು ಅಂಶ ಮಾತ್ರ, ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಎಂದು ಹೇಳಿತು. ಈ ಸ್ಥಿತಿಯಿಂದಾಗಿ, ಒಬ್ಬ ಪೋಷಕರೊಂದಿಗೆ ಮಗು ಭಾರತಕ್ಕೆ ಹೊರಟಿದೆ ಎಂದರೆ ಅಲ್ಲಿನ ಅಧಿಕಾರಿಗಳೂ ನ್ಯಾಯಾಧೀಶರೂ ಸ್ವಲ್ಪ ಹೆಚ್ಚು ಎಚ್ಚರಿಕೆಯಿಂದ ನೋಡುತ್ತಾರೆ. ಇದನ್ನು ನಿಮ್ಮ ಮೇಲಿನ ಅನುಮಾನ ಎಂದು ತಿಳಿಯಬೇಡಿ. ಮರಳುವ ದಿನಾಂಕವಿಲ್ಲದ ಪತ್ರ ಅವರ ಕಣ್ಣಿಗೆ ಅರ್ಧ ಬರೆದ ಪತ್ರ.

ದಿನಾಂಕ ಬರೆಯುವುದು ನಿಮ್ಮ ರಕ್ಷಣೆಗೂ ಹೌದು, ನಿಮ್ಮ ಪತಿಯ ರಕ್ಷಣೆಗೂ ಹೌದು. ಟಿಕೆಟಿನ ದಿನಾಂಕದ ಮೇಲೆ ಒಂದೆರಡು ವಾರ ಸೇರಿಸಿ, ಇಂಥ ದಿನದವರೆಗೆ ಒಪ್ಪಿಗೆ ಇದೆ ಎಂದು ಬರೆಸಿ. ಹೋಗುವ ದೇಶಗಳ ಸಾಲಿನಲ್ಲಿ ಭಾರತದ ಜೊತೆ ಅಮೆರಿಕವನ್ನೂ ಸೇರಿಸಿ, ಏಕೆಂದರೆ ಷಿಕಾಗೋದಲ್ಲಿ ಈ ಪತ್ರ ಕೇಳುವವರಿಗೆ ಭಾರತದ ಹೆಸರೊಂದೇ ಕಂಡರೆ ಮತ್ತೆ ಪ್ರಶ್ನೆ ಹುಟ್ಟುತ್ತದೆ. ಮಗಳ ಎರಡೂ ಪಾಸ್‌ಪೋರ್ಟ್‌ಗಳ ಸಂಖ್ಯೆಯನ್ನು ಬರೆಯಿರಿ. ಭಾಷೆ ಇಂಗ್ಲಿಷ್ ಇರಲಿ. ಹಬ್ಬಕ್ಕೆ ಉಳಿಯುವುದೇ ಆದರೆ, ಹಳೆಯ ಪತ್ರದ ಅವಧಿ ಮುಗಿಯುವ ಮೊದಲೇ ನಿಮ್ಮ ಪತಿ ಹೊಸ ಪತ್ರ ಮಾಡಿಸಿ ಕಳುಹಿಸಲಿ. ಫೋನಿನಲ್ಲಿ "ಆಗಲಿ, ಇದ್ದು ಬನ್ನಿ" ಎಂದದ್ದು ದಾಖಲೆಯಾಗುವುದಿಲ್ಲ.

ನನ್ನ ಬಳಿ ಬರುವವರಲ್ಲಿ ಬಹಳ ಮಂದಿ ಬೇರೆಯಾಗಿರುವ ದಂಪತಿಗಳಾದ್ದರಿಂದ, ಇದನ್ನು ಓದುವ ಅಂಥವರಿಗಾಗಿ ಒಂದು ಮಾತು ಸೇರಿಸುತ್ತೇನೆ. ಮಗುವಿನ ಪಾಲನೆಯ ಬಗ್ಗೆ ನ್ಯಾಯಾಲಯದ ಆದೇಶವಿದ್ದರೆ ಒಪ್ಪಿಗೆ ಪತ್ರ ಅದಕ್ಕೆ ಬದಲಿಯಲ್ಲ, ಆದೇಶದ ದೃಢೀಕೃತ ಪ್ರತಿಯೂ ಜೊತೆಯಲ್ಲಿರಬೇಕು. ಇನ್ನೊಬ್ಬ ಪೋಷಕರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರದ ಪ್ರತಿ ಬೇಕು. ಎದುರಿನವರು ಒಪ್ಪದಿದ್ದರೆ ಸುಮ್ಮನೆ ವಿಮಾನ ಹತ್ತಬೇಡಿ, ಕೆನಡಾದಲ್ಲಿ ಅದು ದಂಡಸಂಹಿತೆಯ ಅಡಿಯಲ್ಲಿ ಅಪರಾಧವಾಗಬಹುದು. ಅಲ್ಲಿನ ನ್ಯಾಯಾಲಯದ ಅನುಮತಿ ಪಡೆದೇ ಹೊರಡಿ. ಮಗುವಿನ ಪಾಸ್‌ಪೋರ್ಟ್ ವಿಷಯದಲ್ಲೂ ಹೀಗೆಯೇ. ಹದಿನಾರರೊಳಗಿನ ಮಕ್ಕಳಿಗೆ ಅಮೆರಿಕ ಪಾಸ್‌ಪೋರ್ಟ್ ಕೊಡಬೇಕಾದರೆ ತಂದೆ ತಾಯಿ ಇಬ್ಬರೂ ಎದುರಿಗೆ ಬರಬೇಕು, ಬರಲಾಗದವರು ಡಿಎಸ್-3053 ಎಂಬ ನಮೂನೆಯನ್ನು ನೋಟರಿಯ ಮುಂದೆ ಸಹಿ ಮಾಡಿ ಕೊಡಬೇಕು. ಅದು ಪಾಸ್‌ಪೋರ್ಟ್ ಕೊಡುವುದಕ್ಕೆ ಕೊಟ್ಟ ಒಪ್ಪಿಗೆ ಮಾತ್ರ. ಪ್ರಯಾಣಕ್ಕೆ ಒಪ್ಪಿಗೆ ಎಂದು ಅದನ್ನೇ ತೋರಿಸಲು ಹೋಗಿ ಪೇಚಿಗೆ ಸಿಕ್ಕವರನ್ನು ಕಂಡಿದ್ದೇನೆ.

ಟೊರಾಂಟೊ ಮಾವ

ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ತಾಯಿ ಮಗನ ಸರ್‌ನೇಮ್ ಒಂದೇ ಇದ್ದದ್ದರಿಂದ ಪ್ರಶ್ನೆ ಬರಲಿಲ್ಲವೋ ಏನೋ. ರೇನ್‌ಕೋಟಿನ ಸಲಹೆ ಮಾತ್ರ ಹಾಗೆಯೇ ಇರಲಿ.

ಸಾಗರದ ಮಗಳು (ಮಿಸ್ಸಿಸಾಗಾ)

ಎಲ್ಲರಿಗೂ ಮತ್ತೊಮ್ಮೆ ನಮಸ್ಕಾರ. ಶನಿವಾರ ನಮ್ಮ ಮನೆಯವರು ನೋಟರಿಯ ಬಳಿ ಹೋಗಿ ಪತ್ರ ಮಾಡಿಸಿದರು. ಸೆಪ್ಟೆಂಬರ್ 20ರವರೆಗೆ ಒಪ್ಪಿಗೆ ಇದೆ ಎಂದು ಬರೆದಿದೆ, ಭಾರತ ಮತ್ತು ಅಮೆರಿಕ ಎರಡರ ಹೆಸರೂ ಇದೆ. ಎರಡು ಮೂಲ ಪ್ರತಿಗಳನ್ನು ಮಾಡಿಸಿದ್ದೇವೆ, ಒಂದು ನನ್ನ ಕೈಚೀಲಕ್ಕೆ, ಇನ್ನೊಂದು ಮನೆಯಲ್ಲಿ ಅವರ ಬಳಿ.

ಇನ್ನು, ನ್ಯೂಜೆರ್ಸಿಯವರು "ಅವಧಿ ಇರುವ ಪಿಆರ್ ಕಾರ್ಡ್" ಎಂದು ಬರೆದಿದ್ದನ್ನು ಓದುವಾಗ ಗಮನಿಸಿರಲಿಲ್ಲ. ಮಗಳ ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಫೋಲ್ಡರಿಗೆ ಹಾಕಿ ಮುಗಿಸಿ, ಸುಮ್ಮನೆ ನನ್ನ ಕಾರ್ಡನ್ನು ತಿರುಗಿಸಿ ನೋಡಿದರೆ ಅದು ಆಗಸ್ಟ್ 11ಕ್ಕೆ ಮುಗಿಯುತ್ತದೆ. ನಾನು ಆಗ ಸಾಗರದಲ್ಲಿರುತ್ತೇನೆ. ಆ ಕಾರ್ಡಿಲ್ಲದೆ ಷಿಕಾಗೋದಿಂದ ಟೊರಾಂಟೊ ವಿಮಾನ ಹತ್ತಲು ನನ್ನನ್ನೇ ಬಿಡುವುದಿಲ್ಲ. ಮಗಳು ಮಾತ್ರ ಎರಡು ಪಾಸ್‌ಪೋರ್ಟ್ ಹಿಡಿದು ಸಲೀಸಾಗಿ ಹೋಗಬಹುದು! ನವೀಕರಣದ ಅರ್ಜಿಯನ್ನು ಇಂದು ಬೆಳಿಗ್ಗೆ ಕಳುಹಿಸಿದ್ದೇನೆ. ಹೊರಡುವುದರೊಳಗೆ ಹೊಸ ಕಾರ್ಡ್ ಕೈಗೆ ಬರದಿದ್ದರೆ ಭಾರತದಿಂದಲೇ ಪಿಆರ್ ಪ್ರಯಾಣ ದಾಖಲೆಗೆ ಅರ್ಜಿ ಹಾಕಬೇಕಾಗುತ್ತದೆ. ಇತ್ತೀಚೆಗೆ ಅದನ್ನು ಬೆಂಗಳೂರಿನಿಂದ ಪಡೆದವರಿದ್ದರೆ ಎಷ್ಟು ದಿನ ಹಿಡಿಯಿತು ಎಂದು ದಯವಿಟ್ಟು ತಿಳಿಸಿ.